ವಿಶ್ರಾಂತಿಯ ದಿನ

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರರೊಬ್ಬರು ಗದ್ವಾಲದ ಸೈಕಲ್ ರೇಸಿಗೆ ಆಯ್ಕೆಯಾಗಲೇಬೇಕೆಂದು ಪೆಡಲಿಗೆ, ತುಳಿತದ ಬಲವನ್ನು ವ್ಯಾಟಿನಲ್ಲಿ ಅಳೆದು ಮೊಬೈಲಿನ ಆ್ಯಪಿಗೆ ಕಳಿಸುವ ಪವರ್ ಮೀಟರ್ ಹಾಕಿಸಿದ್ದರು. ಮುಂಜಾನೆ ಮಕ್ತಲ್ ರಸ್ತೆಯಲ್ಲಿ ತುಳಿದು ಬಂದು, ಮೊಬೈಲನ್ನು ಅಂಗಿಗೆ ಒರೆಸಿ, "ನೋಡೂನ್ರಿ, ಇದೇನಂತೈತಿ" ಎನ್ನುತ್ತಿದ್ದರು. ಅಂಗಿಗೋ ಟವೆಲ್ಲಿಗೋ, ನನಗೀಗ ಖಾತ್ರಿಯಿಲ್ಲ.

ಆ್ಯಪ್ ವಿಶ್ರಾಂತಿ ಹೇಳಿದ ದಿನ ಸೈಕಲ್ ಮುಟ್ಟದೆ ಇಡೀ ದಿನ ಮಗ್ಗ ತುಳಿಯುತ್ತಿದ್ದರು. ವ್ಯಾಟ್ ವಾರವಾರಕ್ಕೂ ಇಳಿಯತೊಡಗಿತು.

"ಅಣ್ಣಾರ, ಮಗ್ಗ ತುಳಿಯೂದು ವಿಶ್ರಾಂತಿ ಏನ್ರಿ?" ಎಂದೆ.

"ಅದು ಕುಂತು ಮಾಡೂ ಕೆಲಸರೀ ಸರ. ಓದಿದವ್ರು ಕುರ್ಚಿ ಮ್ಯಾಲ ಕುಂತೂ ದಣೀತೀರಿ, ನಾವು ದಣಿಯಂಗಿಲ್ಲ."

ಆಯ್ಕೆಗೆ ಎರಡು ದಿನವಿದ್ದಾಗ ಮಾತ್ರ ನನ್ನ ಮಾತಿಗೆ ಒಪ್ಪಿ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದೆದ್ದು ಬಂದು ಕಟ್ಟೆಯ ಮೇಲೆ ಕೂತರು. ಅವರ ಕಾಲುಗಳು ಒಂದಾದ ಮೇಲೊಂದು ಬರಿ ನೆಲವನ್ನು ತುಳಿಯುತ್ತಲೇ ಇದ್ದವು. ನಾನು ನೋಡುತ್ತಿರುವುದು ತಿಳಿದು ಎದ್ದರು.

"ಮಗ್ಗ ತುಳಿದ್ರ ಮೊಬೈಲಿಗೇನು ಕಾಣತೈತ್ರಿ," ಎಂದು ಒಳಗೆ ಮಗ್ಗಕ್ಕೆ ಹೋದರು.