ಕ್ಯೂಬಾದ ಗುತ್ತಿಗೆ, ನಮ್ಮೂರ ಕೆರೆ

ಹೋದ ತಿಂಗಳು ಡೈರಿ ಕೆಲಸದ ಮೇಲೆ ರಾಮನಗರಕ್ಕೆ ಹೋಗಿದ್ದೆ. ನಮ್ಮ ಹಳೆಯ ಕಾಲೇಜಿನ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ಶೀಟಿನ ಮನೆಯೊಳಗಿಂದ ರೇಷ್ಮೆಗೂಡು ಬೇಯುವ ವಾಸನೆ ಬಂತು. ಸತ್ತ ಹುಳ, ಕುದಿನೀರು, ಹಸಿಸೌದೆಯ ಹೊಗೆ ಎಲ್ಲ ಸೇರಿದ ವಾಸನೆ ಅದು. ಹೊಸಬರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಅಲ್ಲೇ ನಿಂತುಬಿಟ್ಟೆ. ನಮಗೆ ಇತಿಹಾಸ ಹೇಳುತ್ತಿದ್ದ ಮೇಡಂ ನೆನಪಾದರು...

ನಮ್ಮ ಬಿ.ಎ. ತರಗತಿಯ ಕಿಟಕಿ ಅಂಥದೇ ನೂಲು ತೆಗೆಯುವ ಮನೆಗಳ ಕಡೆಗಿತ್ತು. ಬೇರೆ ಮೇಷ್ಟ್ರುಗಳು ಒಳಗೆ ಬಂದೊಡನೆ ಕಿಟಕಿ ಮುಚ್ಚಿಸುತ್ತಿದ್ದರು. ಮೇಡಂ ಬಂದು ತೆಗೆಯುತ್ತಿದ್ದರು. "ಮೂಗು ಮುಚ್ಕೊಂಡು ಇತಿಹಾಸ ಓದಕ್ಕಾಗಲ್ಲ ಕಣ್ರಪ್ಪ" ಎಂದು ಹೇಳಿ, ಊಟದ ಡಬ್ಬಿಯ ಚೀಲವನ್ನು ಕುರ್ಚಿಗೆ ನೇತುಹಾಕಿ ಪಾಠ ಶುರುಮಾಡುತ್ತಿದ್ದರು. ಕುಳ್ಳಗಿನ ಹೆಂಗಸು. ದಪ್ಪ ಗಾಜಿನ ಕನ್ನಡಕ, ಗಂಜಿ ಹಾಕಿದ ಹತ್ತಿ ಸೀರೆ. ಊರು ಮಾಗಡಿ ತಾಲ್ಲೂಕಿನ ಕೆಂಪಾಪುರ. ಬೇಸಾಯದ ಮನೆಯವರು, ಮದುವೆಯಾಗಿರಲಿಲ್ಲ.

ಮೂರನೆಯ ವರ್ಷ ನಮಗೆ ಅಮೆರಿಕದ ಇತಿಹಾಸವಿತ್ತು. ಅದೇ ಹೊತ್ತಿಗೆ ಪೇಪರಿನಲ್ಲಿ ದಿನಾ ಇರಾಕ್ ಯುದ್ಧದ ಸುದ್ದಿ. ಜನಕ್ಕೆ ಸ್ವಾತಂತ್ರ್ಯ ಕೊಡಿಸಲು ವಿಮಾನಗಳು ಹೊರಟಿದ್ದವು. ಮೇಡಂ ಆ ಪೇಪರನ್ನು ತರಗತಿಗೆ ತರುತ್ತಿದ್ದರು, ಆದರೆ ಬಿಚ್ಚುತ್ತಿರಲಿಲ್ಲ. ಮಡಿಸಿದ್ದನ್ನು ಮೇಜಿನ ಮೇಲಿಟ್ಟು ನೂರು ವರ್ಷ ಹಿಂದಕ್ಕೆ ಹೋಗುತ್ತಿದ್ದರು. ಹವಾಯಿ ದ್ವೀಪದಲ್ಲಿ ಕಬ್ಬಿನ ತೋಟ ಮಾಡಿಕೊಂಡಿದ್ದ ಬಿಳಿಯರು ಅಲ್ಲಿನ ರಾಣಿಯನ್ನು ಗದ್ದುಗೆಯಿಂದ ಇಳಿಸಿದ್ದು, ಆ ಹೊತ್ತಿಗೆ ಸರಿಯಾಗಿ ಅಮೆರಿಕದ ಹಡಗಿನಿಂದ ಸಿಪಾಯಿಗಳು ದಡಕ್ಕಿಳಿದದ್ದು. ಫಿಲಿಪೈನ್ಸಿನ ಜನ ಸ್ಪೇನಿನ ವಿರುದ್ಧ ತಾವೇ ಕಾದಾಡಿ ಇನ್ನೇನು ಗೆದ್ದೆವು ಅಂದುಕೊಂಡಿದ್ದಾಗ, ಸ್ಪೇನೂ ಅಮೆರಿಕವೂ ಪ್ಯಾರಿಸ್ಸಿನಲ್ಲಿ ಕೂತು ಆ ದೇಶವನ್ನೇ ಕೈ ಬದಲಾಯಿಸಿಕೊಂಡದ್ದು. ಆ ಮೇಜಿನ ಹತ್ತಿರ ಕೂರಲು ಫಿಲಿಪೈನ್ಸಿನ ಒಬ್ಬನಿಗೂ ಒಂದು ಕುರ್ಚಿ ಇರಲಿಲ್ಲ.

ಮೇಡಂಗೆ ತಿರಸ್ಕಾರ ಬಂದರೆ ದನಿ ಇಳಿಯುತ್ತಿತ್ತು. "ಆ ಜನಾನ ಕ್ರೈಸ್ತರನ್ನಾಗಿ ಮಾಡಿ ಉದ್ಧಾರ ಮಾಡ್ಬೇಕು ಅಂತ ಅಮೆರಿಕದ ಅಧ್ಯಕ್ಷರಿಗೆ ದೇವರ ಪ್ರೇರಣೆ ಆಯ್ತಂತೆ. ಪಾಪ, ಆ ಜನ ಆಗ್ಲೇ ಮುನ್ನೂರು ವರ್ಷದಿಂದ ಚರ್ಚಿಗೆ ಹೋಗ್ತಿದ್ರು. ಬರ್ಕೊಳ್ಳಿ." ನಾವು ಬರೆದುಕೊಳ್ಳುತ್ತಿದ್ದೆವು. ನನಗೆ ಹವಾಯಿಯೂ ಬೇಕಿರಲಿಲ್ಲ, ಫಿಲಿಪೈನ್ಸೂ ಬೇಕಿರಲಿಲ್ಲ. ಡಿಗ್ರಿ ಬೇಕಿತ್ತು, ಅದರ ಹಿಂದೆಯೇ ಒಂದು ಕೆಲಸ ಬೇಕಿತ್ತು.

ಆ ಕೆಲಸ ನಮ್ಮೂರಿಗೇ ನಡೆದುಕೊಂಡು ಬಂತು. ನಮ್ಮೂರು ಇರುವುದು ರಾಮನಗರ ತಾಲ್ಲೂಕಿನ ಕೂಟಗಲ್ ಕಡೆಗೆ. ಬಿಡದಿಯಲ್ಲಿ ಜಾಗ ಸಾಲದಾಗಿ ಕಾರ್ಖಾನೆಗಳು ಈ ಕಡೆಗೂ ಕಾಲು ಚಾಚುತ್ತಿದ್ದ ಕಾಲ. ಊರ ಪಕ್ಕದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಎದ್ದಿತ್ತು. ಅದಕ್ಕೂ ನಮ್ಮ ಕೆರೆಗೂ ನಡುವೆ ಇದ್ದದ್ದು ನಮ್ಮಪ್ಪನ ಹೊಲ, ದೊಡ್ಡಪ್ಪನ ಹೊಲ, ಇನ್ನೆರಡು ಮನೆಯವರ ಹೊಲ. ಊರಿನ ದನ, ಕುರಿ ಕೆರೆಗೆ ಇಳಿಯುತ್ತಿದ್ದ ಬಂಡಿದಾರಿಯೂ ಆ ಹೊಲಗಳ ಬದುವಿನ ಮೇಲೆಯೇ ಹೋಗುತ್ತಿತ್ತು. ಕಾರ್ಖಾನೆಯ ಆಫೀಸರು ಒಬ್ಬ ಬಂದ. ಇಸ್ತ್ರಿ ಕೆಡದ ಅಂಗಿ, ಎಲ್ಲರಿಗೂ ಕೈಮುಗಿಯುವ ವಿನಯ. "ನೀವು ಮಾರೋದೇ ಬೇಡ, ಗುತ್ತಿಗೆ ಕೊಡಿ ಸಾಕು. ನೆಲ ಯಾವತ್ತಿದ್ರೂ ನಿಮ್ಮದೇ" ಎಂದ. ಗುತ್ತಿಗೆ ಕೊಟ್ಟ ಮನೆಗೆ ಒಂದು ಕೆಲಸ ಎಂದೂ ಹೇಳಿದ. ಡಿಗ್ರಿ ಓದುತ್ತಿದ್ದ ನನಗೆ ಸೂಪರ್‌ವೈಸರ್ ಕೆಲಸ.

ಗುತ್ತಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ನಿಮ್ ಕಾಲೇಜಲ್ಲಿ ಯಾರ್ಗಾರ ತೋರುಸ್ಕೊಂಡ್ ಬಾ" ಅಂದ. ನಾನು ಮೇಡಂಗೆ ತೋರಿಸಿದೆ.

ಅವರು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಕೈ ತೊಳೆದು ಬಂದು ಓದಿದರು. ಮೂರನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು.

"ಇದನ್ನ ನಿಮಗೆ ಪಾಠ ಮಾಡಿದೀನಲ್ಲಪ್ಪ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ನಿಧಾನವಾಗಿ ಹೇಳಿದರು. ಕ್ಯೂಬಾವನ್ನು ಸ್ಪೇನಿನಿಂದ ಬಿಡಿಸುತ್ತೇವೆಂದು ಬಂದ ಅಮೆರಿಕ, ಹೋಗುವಾಗ ಒಂದು ಕೊಲ್ಲಿಯನ್ನು ಗುತ್ತಿಗೆಗೆ ಬರೆಸಿಕೊಂಡಿತು. ಹಡಗಿಗೆ ಕಲ್ಲಿದ್ದಲು ತುಂಬಿಕೊಳ್ಳಲು ಒಂದಷ್ಟು ಜಾಗ ಬೇಕು, ಅಷ್ಟೇ ಎಂದಿತು. ನೆಲ ಕ್ಯೂಬಾದ್ದೇ ಎಂದು ಪತ್ರದಲ್ಲೂ ಒಪ್ಪಿಕೊಂಡಿತು. ಆಮೇಲೆ ಮಾಡಿಕೊಂಡ ಒಪ್ಪಂದದಲ್ಲಿ ಗುತ್ತಿಗೆ ಮುರಿಯಬೇಕಾದರೆ ಎರಡೂ ಕಡೆಯವರು ಒಪ್ಪಬೇಕು ಎಂಬ ಮಾತು ಸೇರಿತು. ಕ್ಯೂಬಾ ಎಂದೋ ಬೇಡವೆಂದಿದೆ. ಕಳಿಸಿದ ಬಾಡಿಗೆಯ ಚೆಕ್ಕನ್ನು ನಗದು ಮಾಡಿಕೊಳ್ಳದೆ ಇಟ್ಟುಕೊಂಡಿದೆ. ಅಮೆರಿಕ ಮಾತ್ರ ಅಲ್ಲೇ ಇದೆ. ಈಗ ಅಲ್ಲಿ ಜೈಲು ಕಟ್ಟಿ, ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಿದೆ.

"ನಿಮ್ಮ ಪತ್ರದಲ್ಲೂ ಅದೇ ಐತೆ ನೋಡು. ವಾಯಿದೆ ಮುಗಿದ್ರೆ ಮುಂದುವರಿಸೋ ಹಕ್ಕು ಅವರದು. ಮುರೀಬೇಕಂದ್ರೆ ಇಬ್ಬರೂ ಒಪ್ಪಬೇಕು. ಅವರು ಯಾಕಪ್ಪ ಒಪ್ತಾರೆ?"

ಆ ಭಾನುವಾರ ಅವರೇ ನಮ್ಮೂರಿಗೆ ಬಂದರು. ನಾನು ಕರೆದಿರಲಿಲ್ಲ. ಬಸ್ಸಿಳಿದು ಒಂದೂವರೆ ಮೈಲಿ ನಡೆದು, ಸೀರೆಯಂಚೆಲ್ಲ ಧೂಳು ಮಾಡಿಕೊಂಡು ಬಂದಿದ್ದರು. ಹಾಲಿನ ಡೈರಿಯ ಮುಂದೆ ಹಾಲು ಹಾಕಲು ಬಂದ ಜನ ಸೇರಿದ್ದರು. ಡೈರಿ ಅಧ್ಯಕ್ಷನಾಗಿದ್ದ ನಮ್ಮ ದೊಡ್ಡಪ್ಪ ಕುರ್ಚಿ ಮೇಲೆ ಕೂತಿದ್ದ. ಮೇಡಂ ನಿಂತುಕೊಂಡೇ ಪತ್ರದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಕ್ಯೂಬಾದ ಕತೆಯನ್ನೂ ಹೇಳಿದರು.

ದೊಡ್ಡಪ್ಪ ಕೊನೆಯವರೆಗೆ ಕೇಳಿ, ಮೀಸೆ ಒರೆಸಿಕೊಂಡು, "ಮೇಡಂನೋರು ಹಡಗಿನ ಕತೆ ಏಳ್ತಾವ್ರೆ. ನಮ್ಮೂರ್ಗೆ ಸಮುದ್ರ ಎಲ್ಲೈತೆ ತಾಯಿ?" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಲವಂತದ ನಗೆಯಲ್ಲ ಅದು, ನಿಜವಾಗಿಯೂ ನಗು ಬಂದಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೇಡಂ ನನ್ನ ಕಡೆ ನೋಡಲಿಲ್ಲ. "ಸಮುದ್ರ ಯಾಕಣ್ಣ, ಕೆರೆ ಸಾಕು ಅವ್ರಿಗೆ" ಅಂದು ಪತ್ರವನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟು ಹೊರಟರು. ಒಬ್ಬರೂ ಅವರಿಗೆ ಒಂದು ಲೋಟ ನೀರು ಕೊಡಲಿಲ್ಲ.

ರಾತ್ರಿ ಉಣ್ಣುವಾಗ ಅಪ್ಪ ಕೇಳಿದ. "ಏನ್ಲಾ, ಆಯಮ್ಮ ಏಳಿದ್ದು ದಿಟವಾ?"

"ಬುಡಪ್ಪ, ಆಯಮ್ಮುಂದು ಎಲ್ಲುದ್ಕೂ ಹಂಗೇಯ" ಅಂದೆ.

ಅಪ್ಪ ಮಾರನೆಯ ದಿನ ಸಹಿ ಹಾಕಿದ. ದೊಡ್ಡಪ್ಪನೂ ಹಾಕಿದ, ಉಳಿದಿಬ್ಬರೂ ಹಾಕಿದರು.

ಕತೆ ಅಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿಯಾಗಿ ಉಳಿಯುತ್ತಿದ್ದೆ. ಮೇಡಂ ತರಗತಿಯಲ್ಲಿ ಕ್ಯೂಬಾ ಪಾಠ ಮತ್ತೆ ಬಂದಾಗ ನಮ್ಮೂರ ಹೆಸರು ಹೇಳದೆ ಆ ಪತ್ರದ ಷರತ್ತನ್ನು ಹಲಗೆಯ ಮೇಲೆ ಬರೆದು ಬಿಡಿಸಿ ಹೇಳಿದರು. ಕಾರ್ಖಾನೆಯವರು ಹೊಲ ಕೇಳುತ್ತಿದ್ದ ಪಕ್ಕದೂರಿನ ಹುಡುಗಿಯೊಬ್ಬಳು ಅದನ್ನು ಬರೆದುಕೊಂಡು ಹೋಗಿ ಮನೆಯಲ್ಲಿ ಓದಿದಳು. ಆ ಊರಿನವರು ಕಾರ್ಖಾನೆಗೆ ಒಂದು ಗೇಣೂ ಕೊಡುವುದಿಲ್ಲ ಎಂದುಬಿಟ್ಟರು. ವಿನಯದ ಆಫೀಸರು ದೊಡ್ಡಪ್ಪನ ಮನೆಗೆ ಬಂದು ಬಹಳ ಹೊತ್ತು ಮಾತಾಡಿ ಹೋದ. ಅವನು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕರೆಸಿದ.

"ನಿನ್ ಅಕ್ಷರ ಚೆಂದಾಗೈತೆ. ಒಂದ್ ಅರ್ಜಿ ಬರ್ಕೊಡು."

ಬರೆದುಕೊಟ್ಟೆ. ಸದರಿ ಉಪನ್ಯಾಸಕಿಯು ಪಾಠ ಮಾಡದೆ ವಿದ್ಯಾರ್ಥಿಗಳನ್ನು ಅಭಿವೃದ್ಧಿಯ ವಿರುದ್ಧ ಎತ್ತಿಕಟ್ಟುತ್ತಿದ್ದಾರೆ, ವಿದೇಶಿ ಕತೆಗಳನ್ನು ಹೇಳಿ ಮುಗ್ಧ ರೈತರ ದಾರಿ ತಪ್ಪಿಸುತ್ತಿದ್ದಾರೆ... ದೊಡ್ಡಪ್ಪ ಹೇಳಿದ್ದು ನಾಲ್ಕೇ ಮಾತು. ಉಳಿದದ್ದನ್ನು ಸೇರಿಸಿದ್ದು ನಾನೇ. ಮೂರು ವರ್ಷ ಅವರು ತಿದ್ದಿದ ಕನ್ನಡ ಚೆನ್ನಾಗಿ ಕೆಲಸಕ್ಕೆ ಬಂತು. ಊರಿನವರು ಕೆಳಗೆ ಸಹಿ ಹಾಕಿದರು. ನಾನು ಸಹಿ ಹಾಕಲಿಲ್ಲ. ಅಷ್ಟು ಜಾಣತನ ನನಗಿತ್ತು.

ಪರೀಕ್ಷೆ ಮುಗಿದ ವಾರದಲ್ಲಿ ಮೇಡಂಗೆ ಬೀದರ್ ಕಡೆಗೆ ವರ್ಗವಾಯಿತು. ಹೋಗುವ ದಿನ ಅಟೆಂಡರ್ ಕೈಲಿ ಹೇಳಿಕಳಿಸಿ ನನ್ನನ್ನು ಕರೆಸಿದರು. ಮೇಜಿನ ಮೇಲೆ ಅರ್ಜಿಯ ಜೆರಾಕ್ಸ್ ಇತ್ತು. ವಿವರಣೆ ಕೇಳಿ ಇಲಾಖೆಯವರು ಕಳಿಸಿದ್ದಂತೆ.

"ಮೂರು ವರ್ಷ ನಿನ್ನ ಟೆಸ್ಟ್ ಪೇಪರ್ ತಿದ್ದಿದೀನಿ" ಅಂದರು. ಅಷ್ಟು ಹೇಳಿದ್ದೇ ಸಾಕಿತ್ತು.

ಅವರು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಲೇ ಮಾತಾಡಿದರು. "ಫಿಲಿಪೈನ್ಸಿನ ನಾಯಕ ಕಾಡಲ್ಲಿ ಅಡಗಿದ್ದ. ಎರಡು ವರ್ಷವಾದರೂ ಅಮೆರಿಕದ ಸೈನ್ಯದ ಕೈಗೆ ಸಿಗಲಿಲ್ಲ. ಕೊನೆಗೆ ಹೆಂಗೆ ಸಿಕ್ಕಿದ ಗೊತ್ತಾ? ಅಲ್ಲಿನ ಹುಡುಗರೇ ಸಂಬಳಕ್ಕೆ ಸೇರ್ಕೊಂಡು, ನಾವು ನಿಮ್ಮೋರು ಅಂತ ವೇಷ ಹಾಕ್ಕೊಂಡು ಹೋಗಿ ಹಿಡಿದುಕೊಟ್ರು. ಆ ಹುಡುಗರ ಹೆಸರು ನನಗೆ ಗೊತ್ತಿಲ್ಲ. ನಾನು ಓದಿದ ಪುಸ್ತಕದಲ್ಲಿ ಅವರು ಅಡಿಟಿಪ್ಪಣೀಲಿ ಇದ್ರು."

ಚೀಲದ ಜಿಪ್ ಎಳೆದರು. "ನೀನೂ ಅಷ್ಟೆ ಕಣಪ್ಪ. ಹೋಗು, ಕೆಲಸ ಕಾಯ್ತಾ ಐತೆ."

ಅವರ ಕಣ್ಣಿನಲ್ಲಿ ಸಿಟ್ಟಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು...

ಕೆಲಸ ಸಿಕ್ಕಿತು. ಸೂಪರ್‌ವೈಸರ್ ಎಂಬುದು ಹೆಸರಿಗೆ. ನನ್ನನ್ನು ನಿಲ್ಲಿಸಿದ್ದು ಗೇಟಿನಲ್ಲಿ. ಆರು ತಿಂಗಳಲ್ಲಿ ನಮ್ಮ ಹೊಲಗಳ ಸುತ್ತ ಕಾಂಪೌಂಡ್ ಎದ್ದಿತು, ಬಂಡಿದಾರಿ ಒಳಗೆ ಸೇರಿತು. ಕಾರ್ಖಾನೆಯ ನೀರು ಪೈಪಿನಲ್ಲಿ ಕೆರೆಗೆ ಇಳಿಯಿತು. ಕುರಿಯವರು ದಾರಿ ಕೇಳಿಕೊಂಡು ಗೇಟಿಗೆ ಬಂದರೆ, ಇಲ್ಲವೆಂದು ವಾಪಸ್ ಕಳಿಸುವುದು ನನ್ನ ಕೆಲಸ. ಒಂದು ದಿನ ಅಪ್ಪ ಎತ್ತು ಹಿಡಿದುಕೊಂಡು ಬಂದ. ಅಪ್ಪನನ್ನೂ ವಾಪಸ್ ಕಳಿಸಿದೆ.

ಆಮೇಲೆ ಅಪ್ಪ ಮತ್ತೆ ಬಂದ. ಈ ಸಲ ದೊಡ್ಡಪ್ಪ ಮತ್ತು ಉಳಿದಿಬ್ಬರ ಜೊತೆ, ಗುತ್ತಿಗೆ ಮುರಿಯಿರಿ ಎಂದು ಕೇಳಲು. ಆಫೀಸರು ಎಲ್ಲರಿಗೂ ಕುರ್ಚಿ ಹಾಕಿಸಿ, ಟೀ ತರಿಸಿ, ಪತ್ರದ ಮೂರನೆಯ ಹಾಳೆ ತೆಗೆದು ತೋರಿಸಿದ. "ಮುರಿಯೋಣ ಗೌಡ್ರೆ. ಆದ್ರೆ ಇಬ್ಬರೂ ಒಪ್ಪಬೇಕು ಅಂತ ಇದೆಯಲ್ಲ?" ಎಂದು ಅದೇ ವಿನಯದಿಂದ ನಕ್ಕ. ಊರಿಗೆಲ್ಲ ಜೋರು ಮಾಡುತ್ತಿದ್ದ ದೊಡ್ಡಪ್ಪ ಆ ಟೀಯನ್ನು ಪೂರ್ತಿ ಕುಡಿದು ಎದ್ದ. ಅಪ್ಪ ಮುಟ್ಟಲಿಲ್ಲ. ಬಾಗಿಲ ಹತ್ತಿರ ಕಂಪನಿ ಅಂಗಿ ಹಾಕಿಕೊಂಡು ನಿಂತಿದ್ದ ನನ್ನನ್ನು ಒಂದು ಸಲ ನೋಡಿದ. ಅಲ್ಲಿಂದ ಸಾಯುವವರೆಗೂ ನನ್ನನ್ನು "ಏನ್ಲಾ, ದಿಟವಾ" ಎಂದು ಯಾವುದಕ್ಕೂ ಕೇಳಲಿಲ್ಲ.

ಗುತ್ತಿಗೆಯ ವಾಯಿದೆ ಮುಗಿದಿದೆ, ಮುಂದುವರಿದೂ ಆಗಿದೆ. ನಾನು ಆ ಗೇಟು ಬಿಟ್ಟು ಬಹಳ ವರ್ಷವಾಯಿತು. ಈಗ ಊರ ಡೈರಿಯಲ್ಲಿ ಕಾರ್ಯದರ್ಶಿ. ಆ ದಿನ ರಾಮನಗರದಲ್ಲಿ ಟೀ ಅಂಗಡಿಯೊಂದರಲ್ಲಿ ಕಾಲೇಜಿನ ಹಳೆಯ ಅಟೆಂಡರ್ ಸಿಕ್ಕಿದ್ದ. ಅವನೇ ಹೇಳಿದ್ದು: ಮೇಡಂ ರಿಟೈರಾದ ಮೇಲೆ ಕೆಂಪಾಪುರಕ್ಕೆ ಬಂದು ತಂಗಿಯ ಜೊತೆಗಿದ್ದರು, ಹೋದ ವರ್ಷ ತೀರಿಕೊಂಡರು. ಅವರು ಅಷ್ಟು ಹತ್ತಿರದಲ್ಲಿ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ವಿಚಾರಿಸಿರಲೂ ಇಲ್ಲ...

ಮುಂದಿನ ಭಾನುವಾರ ಹೋದೆ. ತಂಗಿ ಜಗಲಿಯ ಮೇಲೆ ಚಾಪೆ ಹಾಸಿ, ಹಳೆಯ ವಿದ್ಯಾರ್ಥಿ ಎಂದು ಕಾಫಿ ಮಾಡಿಕೊಟ್ಟರು. ಅಕ್ಕನ ಮಂಡಿನೋವು, ಬೀದರಿನ ಬಿಸಿಲು, ಕೊನೆಯ ದಿನಗಳ ಆಸ್ಪತ್ರೆ ಎಲ್ಲ ಹೇಳಿದರು. ಆಮೇಲೆ ಕೇಳಿದರು.

"ನಿಮ್ ಕಾಲೇಜಲ್ಲಿ ಯಾರೋ ಅರ್ಜಿ ಬರ್ದು ಅಕ್ಕುನ್ನ ಆ ದೂರುಕ್ಕೆ ಹಾಕ್ಸುದ್ರಂತೆ. ನಮ್ಮವ್ವ ಸಾಯೋವಾಗ್ಲೂ ಬರಕಾಗ್ಲಿಲ್ಲ ಅವ್ಳಿಗೆ. ಯಾರು ಅಂತ ಎಷ್ಟ್ ಕೇಳಿದ್ರೂ ಬಾಯ್ ಬುಡ್ಲಿಲ್ಲ. ನಿಮ್ಗೇನಾರ ಗೊತ್ತಾ?"

"ನಾನೇ ಕಣಮ್ಮ ಬರ್ದಿದ್ದು" ಅಂದೆ.

ಅವರು ನನ್ನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ. ಅಷ್ಟು ಹೊತ್ತು ನೋಡುವಂಥದ್ದು ಅಲ್ಲೇನೂ ಅವರಿಗೆ ಕಾಣಲಿಲ್ಲ ಅನ್ನಿಸುತ್ತದೆ.

"ಕಾಫಿ ಆರೋಯ್ತದೆ. ಕುಡ್ಕೊಂಡ್ ಹೊಂಡಿ" ಎಂದು ಹೇಳಿ ಎದ್ದು ಒಳಗೆ ಹೋದರು.

ಕುಡಿದೆ. ಲೋಟವನ್ನು ಜಗಲಿಯ ಮೇಲಿಟ್ಟು, ಸ್ವಲ್ಪ ಹೊತ್ತು ಕೂತಿದ್ದೆ. ಒಳಗಿನಿಂದ ಯಾರೂ ಬರಲಿಲ್ಲ.