ಅಳತೆ ಮಾವನ ಏಳನೇ ಮೆಟ್ಟಿಲು

ನಮ್ಮ ಮಾವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎದುರಿಗಿದ್ದರೆ 'ಅಳತೆಯವರೇ', ಬೆನ್ನ ಹಿಂದೆ ಬರೀ 'ಅಳತೆ'. ನನ್ನ ತಾಯಿಯ ಒಬ್ಬನೇ ತಮ್ಮ. ನನ್ನನ್ನು ಎತ್ತಿ ಆಡಿಸಿದವನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಅವನೇ ಗಾಬರಿಯಾದಾನು.

ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಹೊಳೆಯಲ್ಲಿ ನೀರು ಎಷ್ಟಿದೆ ಎಂದು ನೋಡಿ ಬರೆಯುವುದು. ಸೇತುವೆಯ ಎರಡನೇ ಕಂಬಕ್ಕೆ ಉದ್ದನೆಯ ಒಂದು ಪಟ್ಟಿ ಹೊಡೆದಿದ್ದಾರೆ. ಬಿಳಿ ಬಣ್ಣದ ಮೇಲೆ ಕಪ್ಪು ಗೆರೆಗಳು, ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು ಮೀಟರ್. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಅವನು ನೀರಿನ ಅಂಚಿಗೆ ಇಳಿದು ನಿಂತು ಅದನ್ನು ಓದಬೇಕು. ಅಲೆ ಬಡಿಯುತ್ತಿರುತ್ತದಲ್ಲ, ಅದಕ್ಕೆ ಮೂರು ಸಲ ನೋಡಿ ನಡುವಿನ ಲೆಕ್ಕ ಹಿಡಿಯಬೇಕು. ಪುಸ್ತಕದಲ್ಲಿ ಶಾಯಿಯಿಂದಲೇ ಬರೆಯಬೇಕು. ತಪ್ಪಾದರೆ ಉಜ್ಜಿ ಅಳಿಸುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಕೆಳಗಿನ ತಪ್ಪು ಓದಲು ಬರಬೇಕು, ಅದು ನಿಯಮ. ಆಮೇಲೆ ಕಚೇರಿಗೆ ಫೋನು.

ಇಂಥ ಕೆಲಸ ಮಾಡಿದವನ ಬುದ್ಧಿ ಹೇಗಿರುತ್ತದೆ ಹೇಳಿ. ಶರ್ಟಿನ ಜೇಬಿನಲ್ಲಿ ಪೆನ್ನು, ಪ್ಯಾಂಟಿನ ಜೇಬಿನಲ್ಲಿ ಟೇಪು. ನಮ್ಮ ಮನೆಗೆ ಬಂದು ಚಹಾ ಕುಡಿಯುವಾಗಲೂ ಲೋಟ ಎತ್ತಿ ಹಿಡಿದು, "ಅಕ್ಕ, ನಿನ್ನೆಗಿಂತ ಒಂದು ಬೆರಳು ಕಮ್ಮಿ" ಎನ್ನುತ್ತಿದ್ದ. ನಾನು ಹುಡುಗಿಯಾಗಿದ್ದಾಗ ಬಾಗಿಲ ಚೌಕಟ್ಟಿನ ಮೇಲೆ ನನ್ನ ಎತ್ತರ ಗುರುತು ಹಾಕುತ್ತಿದ್ದವನೂ ಅವನೇ. ಎಷ್ಟು ಗೋಗರೆದರೂ ಹಿಮ್ಮಡಿ ಎತ್ತಲು ಬಿಡುತ್ತಿರಲಿಲ್ಲ.

ನನ್ನ ಅಮ್ಮ ಇದಕ್ಕೆ ತದ್ವಿರುದ್ಧ. ಅವಳ ಮನೆ ಹೊಳೆದಂಡೆಯ ಕೆಳಬೀದಿಯಲ್ಲಿ, ಪ್ರಾರ್ಥನಾ ಮಂದಿರದಿಂದ ಮೂರನೆಯದು. ದಿನಾ ಬೆಳಿಗ್ಗೆ ಮಂದಿರದ ಮೆಟ್ಟಿಲು ಗುಡಿಸುವುದು ಅವಳ ಪಾಲಿನ ಸೇವೆ. ಆ ಸೇವೆ ಅವಳಿಗೆ ನನ್ನ ಅಜ್ಜಿಯಿಂದ ಬಂತು. ಕಥೆಯೂ ಅಲ್ಲಿಂದಲೇ ಬಂತು.

ಕಥೆ ಇಷ್ಟೇ. ಮನುಷ್ಯರ ಪಾಪ ಮಿತಿಮೀರಿ ದೇವರು ಮುನಿದ. ಆಕಾಶ ಹರಿದ ಹಾಗೆ ಮಳೆ ಬಂತು. ಇಡೀ ಲೋಕ ಮುಳುಗಿತು. ಒಂದು ದೋಣಿಯಲ್ಲಿ ಇದ್ದವರು ಮಾತ್ರ ಉಳಿದರು. ಕೊನೆಗೆ ನೀರು ನಮ್ಮ ಮಂದಿರದ ಏಳನೇ ಮೆಟ್ಟಿಲಿಗೆ ಬಂದಾಗ ದೇವರಿಗೆ ಕರುಣೆ ಹುಟ್ಟಿ "ಸಾಕು" ಎಂದ. ನೀರು ಅಲ್ಲೇ ನಿಂತಿತು. ಅದನ್ನು ದಾಟಿ ಮುಂದೆಂದೂ ಬರುವುದಿಲ್ಲ ಎಂದು ಮಾತು ಕೊಟ್ಟ.

"ಇಡೀ ಲೋಕ ಮುಳುಗಿತ್ತು ಅಂತೀಯ. ಬೆಟ್ಟ ಮುಳುಗಿದ ಮೇಲೆ ಮೆಟ್ಟಿಲು ಮುಳುಗಲಿಲ್ವಾ?" ಎಂದು ಮಾವ ಕೆಣಕುತ್ತಿದ್ದ. "ಅಷ್ಟು ನೀರು ಎಲ್ಲಿಂದ ಬಂತು? ಬಂದದ್ದು ಆಮೇಲೆ ಎಲ್ಲಿಗೆ ಹೋಯ್ತು? ಸ್ವಲ್ಪ ಲೆಕ್ಕ ಹಾಕು ಅಕ್ಕ."

"ದೇವರೇನು ನಿನ್ನ ಹಾಗೆ ಪಟ್ಟಿ ಹಿಡ್ಕೊಂಡು ಕೂತಿರ್ತಾನಾ? ಅಮ್ಮ ಹೇಳಿದ ಮಾತು ಅಂದ್ರೆ ಮಾತು. ಅಕ್ಷರ ಅಕ್ಷರ ನಿಜ."

"ನನ್ನ ಪುಸ್ತಕದಲ್ಲಿ ಇರೋದು ನಿಜ."

"ನಿನ್ನ ಪುಸ್ತಕಕ್ಕೆ ಎಷ್ಟು ವಯಸ್ಸು?"

"ಅರವತ್ತೆರಡು ವರ್ಷ."

"ನನಗಿಂತ ನಾಲ್ಕೇ ವರ್ಷ ದೊಡ್ಡದು! ಅದಕ್ಕಿಂತ ಮುಂಚೆ ಹೊಳೇಲಿ ನೀರೇ ಇರ್ಲಿಲ್ವೇನೋ?"

ಮಾವ ಚಹಾ ತಣ್ಣಗಾಯಿತು ಎಂದು ಮಾತು ಮರೆಸುತ್ತಿದ್ದ.

ಜಗಳ ಎಷ್ಟೇ ಆಡಲಿ, ಅಕ್ಕ ಹೇಳಿದ ಕೆಲಸವನ್ನು ಮಾವ ತಪ್ಪಿಸಿದವನಲ್ಲ. ಮಂದಿರದ ಹಳೇ ಮೆಟ್ಟಿಲುಗಳು ಬಲು ಎತ್ತರವಿದ್ದವು. ಹತ್ತುವಾಗ ಮುದುಕಿಯರಿಗೆ ಜೀವ ಬಾಯಿಗೆ ಬರುತ್ತಿತ್ತು. ಅಮ್ಮನಿಗೂ ಮಂಡಿನೋವು ಶುರುವಾಗಿತ್ತು. ಅವಳು ಮಂದಿರದ ಹಿರಿಯರ ಬೆನ್ನು ಬಿದ್ದು, ಹತ್ತಲು ಹಗುರವಾಗುವಂಥ ಹೊಸ ಮೆಟ್ಟಿಲು ಕಟ್ಟಿಸಲು ಒಪ್ಪಿಸಿದಳು. ಗಾರೆಯವನಿಗೆ ದಾರ ಹಿಡಿದು ಅಳತೆ ಹಾಕಿ ಕೊಟ್ಟವನು ಮಾವ. ಕಿತ್ತ ಕಲ್ಲುಗಳನ್ನು ಒಬ್ಬೊಬ್ಬರು ಒಂದೊಂದು ಹೊತ್ತುಕೊಂಡು ಹೋದರು. ಒಂದು ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಾಯಿತು.

ಅದಾದ ಎರಡು ವರ್ಷಕ್ಕೆ ಕೆಳಬೀದಿಯ ಹಳೇ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಿದರು. ಹತ್ತೊಂಬತ್ತು ಮನೆ. ಪಾಯ ಎಷ್ಟು ಎತ್ತರ ಇರಬೇಕು ಎಂಬ ಮಾತು ಬಂದಾಗ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು, "ನೀರು ಏಳನೇ ಮೆಟ್ಟಿಲು ದಾಟಲ್ಲ. ಹೊಸ್ತಿಲು ಒಂಬತ್ತನೇ ಮೆಟ್ಟಿಲ ಸಮಕ್ಕೆ ಇರಲಿ." ಮಾವ ಮೂಗು ಮುರಿದ. ಆದರೂ ಪುಸ್ತಕ ತೆಗೆದು ನೋಡಿದ. ಅದಕ್ಕೆ ಇನ್ನೂ ಅರವತ್ತೆರಡು ವರ್ಷವಾಗಿರದಿದ್ದರೂ ಆಗಲೇ ನಲವತ್ತೈದು ವರ್ಷದ ಲೆಕ್ಕ ಇತ್ತು. ಅದರಲ್ಲಿ ಅತಿ ಹೆಚ್ಚು ಬಂದದ್ದು ಒಂಬತ್ತು ಮೀಟರ್ ಮೂವತ್ತೈದು. ಏಳನೇ ಮೆಟ್ಟಿಲು ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. "ನಿನ್ನ ದೇವರೂ ನನ್ನ ಪುಸ್ತಕವೂ ಇದೊಂದು ವಿಷಯದಲ್ಲಿ ರಾಜಿಯಾದ ಹಾಗಿದೆ" ಎಂದು ನಕ್ಕು, ಸಮಮಟ್ಟ ನೋಡಲು ನೀರು ತುಂಬಿದ ಟ್ಯೂಬು ಹಿಡಿದು ಹತ್ತೊಂಬತ್ತು ಮನೆಯ ಹೊಸ್ತಿಲಿಗೂ ಗುರುತು ಹಾಕಿದ. ಒಂದು ಕೂದಲಷ್ಟೂ ಹೆಚ್ಚು ಕಮ್ಮಿ ಇಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು ಎಂದು ನನಗೆ ಗೊತ್ತು.

ಈಗ ಆ ದಿನಕ್ಕೆ ಬರುತ್ತೇನೆ.

ಐದು ದಿನದಿಂದ ಬಿಟ್ಟೂ ಬಿಡದೆ ಮಳೆ. ಮಾವ ಗಂಟೆಗೊಮ್ಮೆ ಪಟ್ಟಿ ಓದುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯಿಂದಲೇ ಫೋನು ಬಂತು. ಮೇಲಿನ ಕಣಿವೆಯಲ್ಲಿ ವಿಪರೀತ ಮಳೆಯಾಗಿದೆ, ಸಂಜೆಯೊಳಗೆ ಹತ್ತು ಮೀಟರ್ ದಾಟಬಹುದು, ಕೆಳಬೀದಿ ಖಾಲಿ ಮಾಡಿಸಿ ಎಂದರು. ಮಾವ ನನ್ನ ಬಳಿ ಓಡಿಬಂದ. ನಾನು ಮೇಲಿನ ಬೀದಿಯ ಶಾಲೆಯಲ್ಲಿ ಟೀಚರು, ಕೀಲಿ ನನ್ನ ಹತ್ತಿರ. ತರಗತಿಗಳ ಬಾಗಿಲು ತೆಗೆಸಿ, ಬೆಂಚು ಸರಿಸಿ, ಇಬ್ಬರೂ ಕೆಳಗೆ ಇಳಿದೆವು.

ನೀರು ಮಂದಿರದ ಆರನೇ ಮೆಟ್ಟಿಲಲ್ಲಿತ್ತು. ಬೀದಿಯ ಜನ ಹೊಸ್ತಿಲ ಮೇಲೆ ಕೂತು ಮೆಟ್ಟಿಲು ನೋಡುತ್ತಿದ್ದರು. ಯಾರ ಮುಖದಲ್ಲೂ ಎಳ್ಳಷ್ಟೂ ಗಾಬರಿ ಇಲ್ಲ. ಮಾವ ಮನೆಮನೆಗೆ ಹೋಗಿ ಕೂಗಿದ. ಎಲ್ಲರದೂ ಒಂದೇ ಉತ್ತರ: "ಅಕ್ಕ ಎದ್ದರೆ ನಾವೂ ಏಳ್ತೀವಿ." ಮೆಟ್ಟಿಲು ಗುಡಿಸುವವಳಿಗಿಂತ ಹೆಚ್ಚು ಮೆಟ್ಟಿಲು ಬಲ್ಲವರು ಯಾರು?

ಅಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಹಠ ಹಿಡಿದು ಕೂತಿದ್ದಳು.

"ಅಕ್ಕ, ಎದ್ದೇಳು. ಹತ್ತು ಮೀಟರ್ ಬರುತ್ತಂತೆ."

"ಬರಲ್ಲ. ಏಳನೇ ಮೆಟ್ಟಿಲು ದಾಟಲ್ಲ."

"ಅದು ಕಥೆ ಕಣೇ! ಕಥೆ ನಂಬಿ ಪ್ರಾಣ ಕೊಡ್ತೀಯಾ?"

"ನಿನ್ನ ಪುಸ್ತಕವೂ ಅದನ್ನೇ ಹೇಳುತ್ತಲ್ಲೋ. ನೀನೇ ತೋರಿಸಿದ್ದೆ. ಈಗ ನಿನ್ನ ಪುಸ್ತಕವೂ ಸುಳ್ಳಾ?"

ಮಾವ ತಲೆ ಚಚ್ಚಿಕೊಂಡ. ನಾನು ಕೈ ಹಿಡಿದು ಎಳೆದೆ. ಅವಳು ಕೊಡವಿಕೊಂಡಳು. ಆಮೇಲೆ ಅವಳ ದನಿ ತಗ್ಗಿತು. "ಅಮ್ಮ ಸಾಯೋ ಹಿಂದಿನ ದಿನವೂ ಈ ಕಥೆ ಹೇಳಿದ್ಲು. ಇವತ್ತು ನಾನು ಎದ್ದು ಹೋದ್ರೆ, ಅವಳು ಬದುಕಿಡೀ ಸುಳ್ಳು ಹೇಳಿದ್ಲು ಅಂತ ಊರ ಮುಂದೆ ಹೇಳಿದ ಹಾಗೆ. ನನ್ನಿಂದಾಗಲ್ಲ. ನೀವು ಹೋಗಿ."

ನನಗೆ ಅಳು ಬಂತು. ಸಿಟ್ಟೂ ಬಂತು. ಅವಳನ್ನು ಹೊತ್ತುಕೊಂಡು ಹೋಗಲು ನಮ್ಮಿಬ್ಬರ ಕೈಲಾಗುತ್ತಿತ್ತೇನೋ. ಉಳಿದ ಹದಿನೆಂಟು ಮನೆಯವರನ್ನು ಯಾರು ಹೊರಬೇಕು?

ಮಾವ ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ. ಆ ಮಳೆಯಲ್ಲೇ ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ಕೈ ತೆಗೆದು ತನ್ನ ಮಂಡಿಯನ್ನು ನೋಡಿಕೊಂಡ. ಮಂಡಿಯಿಂದ ಕೆಳಗೆ ಕಲ್ಲನ್ನು ನೋಡಿದ. ಕುರ್ಚಿಯ ಮೇಲೆ ಕೂತ ಹಾಗೆ ಕೂತಿದ್ದ. ಮಂದಿರದ ಈಗಿನ ಮೆಟ್ಟಿಲ ಮೇಲೆ ಹಾಗೆ ಕೂರುವುದಕ್ಕೆ ಆಗುವುದಿಲ್ಲ.

ಜೇಬಿನಿಂದ ಟೇಪು ತೆಗೆದ. ಬಗ್ಗಿ ಕಲ್ಲಿನ ಎತ್ತರ ಹಿಡಿದ. ಮೂರು ಸಲ ಹಿಡಿದ.

"ಹದಿನಾರು ಇಂಚು" ಎಂದ. "ಹೊಸದು ಎಂಟು. ನಾನೇ ದಾರ ಹಿಡಿದಿದ್ದೆ. ಮುದುಕಿಯರಿಗೆ ಕಷ್ಟ ಅಂತ ಒಂದನ್ನ ಎರಡು ಮಾಡಿದ್ವಿ."

ನನಗೆ ಅರ್ಥವಾಗುವಷ್ಟರಲ್ಲಿ ಅವನು ಒಳಗಿದ್ದ. ಅಮ್ಮನ ಮುಂದೆ ನೆಲದ ಮೇಲೆ ಕೂತ.

"ಅಕ್ಕ, ಅಮ್ಮ ಕಥೆ ಹೇಳ್ತಿದ್ದಾಗ ಮಂದಿರಕ್ಕೆ ಎಷ್ಟು ಮೆಟ್ಟಿಲಿದ್ವು?"

"ಒಂಬತ್ತು."

"ಈಗ?"

"ಹದಿನೆಂಟು. ದಿನಾ ಗುಡಿಸೋಳು ನಾನು, ನನ್ನನ್ನ ಕೇಳ್ತೀಯಾ?"

"ನಿನ್ನನ್ನೇ ಕೇಳ್ಬೇಕು. ಅಮ್ಮನ ಏಳನೇ ಮೆಟ್ಟಿಲು ಈಗ ಎಷ್ಟನೇದು?"

ಅಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈ ಮುಗಿಯಿತು, ಇನ್ನೊಂದೂ ಮುಗಿಯಿತು, ಮತ್ತೆ ಮೊದಲ ಕೈಗೆ ಬಂದಳು. ನಾಲ್ಕನೇ ಬೆರಳಿಗೆ ನಿಂತಳು.

"ಹದಿನಾಲ್ಕು" ಎಂದಳು. ಅವಳ ಕಣ್ಣು ಹೊಸ್ತಿಲಿಗೆ ಹೋಯಿತು. ಹೊಸ್ತಿಲು ಒಂಬತ್ತು. ಅಲ್ಲಿಂದ ಐದು ಮೆಟ್ಟಿಲು ಮೇಲಕ್ಕೆ ಕಣ್ಣಲ್ಲೇ ಏರಿದಳು. ನೋಟ ಕಿಟಕಿಯ ಹತ್ತಿರ ನಿಂತಿತು.

"ಅಮ್ಮ ಸುಳ್ಳು ಹೇಳಿಲ್ಲ ಅಕ್ಕ. ನೀರು ಅಲ್ಲಿಗೆ ಬಂದಿತ್ತು ಅಂತ ಹೇಳಿದ್ಲು. ಇವತ್ತು ನಾನು ಅದನ್ನ ಅಕ್ಷರ ಅಕ್ಷರ ನಂಬ್ತೀನಿ. ನೀನೂ ನಂಬು. ಎದ್ದೇಳು."

ಅಮ್ಮ ಎದ್ದಳು. ಚೀಲ ಹುಡುಕಲಿಲ್ಲ, ಬೀಗ ಹುಡುಕಲಿಲ್ಲ. ಮಂಡಿನೋವಿನವಳು ಆ ಮಳೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹದಿನೆಂಟು ಬಾಗಿಲು ತಟ್ಟಿದಳು. "ಎಣಿಸೋದ್ರಲ್ಲಿ ತಪ್ಪಿದ್ದೀವಿ, ಏಳ್ರೋ! ಅಮ್ಮನ ಕಾಲದ ಏಳು ಅಂದ್ರೆ ಈಗಿನ ಹದಿನಾಲ್ಕು!" ಮಾವ ಎರಡು ಗಂಟೆ ಬೇಡಿಕೊಂಡರೂ ಅಲುಗದ ಜನ ಆ ಒಂದು ಮಾತಿಗೆ ಕಾಲಿಗೆ ಬುದ್ಧಿ ಹೇಳಿದರು. ಸಂಜೆ ಐದಕ್ಕೆ ಕೆಳಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆರು ಗಂಟೆಗೆ ಮಾವ ಪಟ್ಟಿ ಓದಲು ಹೊರಟ. ಪಟ್ಟಿಯೇ ಮುಳುಗಿತ್ತು. ಶಾಲೆಯ ಅಂಗಳದಿಂದ ನೋಡಿದರೆ ಸೇತುವೆ ಇಲ್ಲ, ಆಚೆ ದಡ ಇಲ್ಲ, ಹೊಲ ಇಲ್ಲ. ಕಣ್ಣು ಹಾಯುವವರೆಗೂ ಕೆಂಪು ನೀರು. ಅವನು ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಿದ, "ಪಟ್ಟಿ ಇಲ್ಲದ ಕಾಲದಲ್ಲಿ ನಾನು ಇಲ್ಲಿ ನಿಂತಿದ್ರೆ, ಇಡೀ ಲೋಕ ಮುಳುಗ್ತು ಅಂತಲೇ ಹೇಳ್ತಿದ್ದೆ."

"ಹಾಗಾದ್ರೆ ಲೋಕ ಮುಳುಗಿದ್ದು ನಿಜ ಅಂತ ಒಪ್ಕೊಂಡ್ಯಾ?"

"ಅದು ಮಾತ್ರ ಇಲ್ಲ. ಮೆಟ್ಟಿಲು ಒಪ್ಕೊಂಡೆ."

"ನೀನು ಸುಧಾರಿಸಲ್ಲ ಬಿಡು" ಎಂದಳು ಅಮ್ಮ. ಆದರೆ ಅವನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

ನೀರು ಹದಿಮೂರನೇ ಮೆಟ್ಟಿಲಿಗೆ ಬಂದು ಇಳಿಯಿತು. ನಮ್ಮ ನಡುಮನೆಯಲ್ಲಿ ಸೊಂಟದವರೆಗೆ ಬಂದ ಗುರುತಿತ್ತು. ಬೀದಿಯ ಕೊನೆಯ ಮೂರು ಮನೆಗಳ ಗೋಡೆಗಳು ಕುಸಿದಿದ್ದವು. ಅಮ್ಮ ಕೂತಿದ್ದ ಕುರ್ಚಿ ಅರ್ಧ ಮೈಲಿ ಆಚೆ ಒಂದು ಬೇಲಿಯಲ್ಲಿ ಸಿಕ್ಕಿತು. ಅದನ್ನು ತಂದು ಅಂಗಳದಲ್ಲಿ ಒಣಗಿಸಿದೆ.

ನಾಲ್ಕನೇ ದಿನ ಮಾವ ಟೇಪು ಹಿಡಿದು ಮೆಟ್ಟಿಲ ಮೇಲಿನ ಕೆಸರಿನ ಗುರುತು ಅಳೆದ. ಹತ್ತು ಮೀಟರ್ ಅರವತ್ತನಾಲ್ಕು. ಅದನ್ನು ಆ ದಿನದ ಪುಟದಲ್ಲಿ ಬರೆದ. ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವನು ಪುಸ್ತಕದ ಮೊದಲ ಪುಟ ತೆಗೆದ. ಅಲ್ಲಿ 'ತಿಳಿದಿರುವ ಅತಿ ಹೆಚ್ಚಿನ ಮಟ್ಟ' ಎಂಬ ಸಾಲಿನ ಮುಂದೆ ಒಂಬತ್ತು ಮೂವತ್ತೈದು ಎಂದಿತ್ತು. ಅದರ ಮೇಲೆ ಒಂದೇ ಒಂದು ಗೆರೆ ಎಳೆದ. ಪಕ್ಕದಲ್ಲಿ ಬರೆದದ್ದು ಹತ್ತು ಅರವತ್ತನಾಲ್ಕಲ್ಲ. ಹತ್ತು ಎಂಬತ್ತನಾಲ್ಕು, ಹದಿನಾಲ್ಕನೇ ಮೆಟ್ಟಿಲ ಲೆಕ್ಕ.

ಕಚೇರಿಯ ಇಂಜಿನಿಯರ್ ಫೋನಿನಲ್ಲಿ ಕೇಳಿದ್ದು ನನಗೂ ಕೇಳಿಸಿತು. "ಈ ಮಟ್ಟ ಯಾವ ವರ್ಷದ್ದು? ಅಳೆದವರು ಯಾರು?"

"ವರ್ಷ ಗೊತ್ತಿಲ್ಲ ಸರ್" ಎಂದ ಮಾವ. "ಅಳೆದವರು ಯಾರೋ ಮೆಟ್ಟಿಲು ಎಣಿಸಿದ್ದಾರೆ. ಹೇಳಿದವರು ನಮ್ಮಮ್ಮ. ನಾನು ತಡವಾಗಿ ಬರ್ಕೊಂಡೆ."

ಫೋನಿಟ್ಟು, ಆ ಸಾಲಿನ ಮುಂದೆ ತನ್ನ ಸಹಿ ಹಾಕಿದ. ಆಮೇಲೆ ಪುಸ್ತಕವನ್ನು ಅಮ್ಮನ ಮುಂದೆ ತಿರುಗಿಸಿ ಪೆನ್ನು ಕೊಟ್ಟ. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಸಹಿಯ ಕೆಳಗೆ ನಿಧಾನವಾಗಿ ತನ್ನದನ್ನೂ ಹಾಕಿದಳು.