ಬಗ್ಗಿಸದ ತಲೆ

ನಮ್ಮ ಹಟ್ಟಿಯಲ್ಲಿ ಹಿರಿಯರು ಎದುರಾದರೆ ಚಿಕ್ಕವರು ತಲೆ ಬಗ್ಗಿಸಬೇಕು. ಅವರು ನೆತ್ತಿಯ ಮೇಲೆ ಕೈಯಿಟ್ಟು "ಒಂದು ಸಾವಿರ ಆಗಲಿ" ಎಂದು ಹರಸಿದರೆ ಮುಗಿಯಿತು, ಆಟಕ್ಕೆ ಓಡಬಹುದು. ಉಳಿದ ಮಕ್ಕಳಿಗೆ ಇದೊಂದು ಕೆಲಸವೇ ಅಲ್ಲ. ನನಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಮೂಗಿನ ಹಿಂದೆ, ಗಂಟಲಿನ ಮೇಲೆ ಅಡಿನಾಯ್ಡ್ ಎಂಬ ಗಡ್ಡೆಯಂಥ ಮಾಂಸ ಊದಿಕೊಂಡಿತ್ತಂತೆ. ಅದು ಗೊತ್ತಾದದ್ದು ಆಮೇಲೆ. ಮೂಗಿನಲ್ಲಿ ಉಸಿರಾಡಲು ಆಗದೆ ಬಾಯಿ ಸದಾ ತೆರೆದೇ ಇರುತ್ತಿತ್ತು. ಒಂದು ಮದುವೆಮನೆಯಲ್ಲಿ ಕೆತ್ತಿ ಊರಿನ ಅಜ್ಜನಿಗೆ, ಅಂದರೆ ನಮ್ಮ ಅವ್ವೆಯ ಅಪ್ಪನಿಗೆ, ತಲೆ ಬಗ್ಗಿಸಿದೆ. ಜೊಲ್ಲು ಅವನ ಪಾದದ ಪಕ್ಕದಲ್ಲೇ ಬಿತ್ತು. ಅಜ್ಜ ಗಮನಿಸಲಿಲ್ಲ. ನನ್ನ ಹಿಂದೆ ನಿಂತಿದ್ದ ಹುಡುಗಿಯರು ಗಮನಿಸಿದರು, ಕಿಸಕ್ಕನೆ ನಕ್ಕರು. ನಾಚಿಕೆಯಿಂದ ಸತ್ತೇ ಹೋದೆ.

ಅಂದಿನಿಂದ ಅಜ್ಜ ಬಸ್ಸಿಳಿದು ಬರುವುದು ಕಂಡರೆ ಸಾಕು, ಹಿಂಬಾಗಿಲಿನಿಂದ ಟೀ ತೋಟಕ್ಕೆ ಇಳಿದುಬಿಡುತ್ತಿದ್ದೆ. ಅವ್ವೆ ಕೂಗಿ ಕೂಗಿ ಸೋಲುತ್ತಿದ್ದಳು. ಹುಡುಗಿಗೆ ಕೊಬ್ಬು ಎಂದರು ನೆಂಟರು. ಅನ್ನಲಿ ಬಿಡಿ, ಜೊಲ್ಲಿಗಿಂತ ಕೊಬ್ಬೇ ವಾಸಿ ಎಂದುಕೊಂಡೆ.

ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರೇ ನಿಂತಂತಾಗುತ್ತಿದ್ದುದನ್ನು ಕಂಡು ಅವ್ವೆ ಹೆದರಿದಳು. ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು. ಪ್ರಜ್ಞೆ ತಪ್ಪಿಸಿ, ಬಾಯಿಯ ಮೂಲಕವೇ ಆ ಮಾಂಸವನ್ನು ತೆಗೆದರು. ರಕ್ತ ಬಂದೀತು, ಕೆಲವು ದಿನ ತಲೆ ಬಗ್ಗಿಸಬೇಡ ಎಂದರು ಡಾಕ್ಟರು. ನನಗೆ ಒಳಗೊಳಗೇ ಖುಷಿಯಾಯಿತು.

ಮನೆಗೆ ಬಂದ ಮಾರನೆಯ ದಿನವೇ ಅಜ್ಜ ನೋಡಲು ಬಂದ. ಮಂಚದಲ್ಲಿದ್ದವಳು ಎಲ್ಲಿಗೆ ಓಡಲಿ?

"ಅಪ್ಪ, ಕೂಸು ತಲೆ ಬಗ್ಗಲಾಗ," ಎಂದು ಅವ್ವೆ ಮೊದಲೇ ಹೇಳಿ ಕಾಫಿ ಕಾಯಿಸಲು ಒಳಗೆ ಹೋದಳು.

ಅಜ್ಜ ನನ್ನ ಪಕ್ಕದಲ್ಲೇ ಕುಳಿತು ನೆತ್ತಿ ಮುಟ್ಟಿ ಹರಸಿದ. ಆಮೇಲೆ ತುಸು ಅಳುಕುತ್ತಾ ಕೇಳಿದ: "ಈಗ ಎನ್ನ ಮೇಲೆ ನಾತ ಇಲ್ಲೆ ಅಲ್ಲವಾ, ಕೂಸೆ? ಆ ನಾತಕ್ಕೆ ನೀ ಓಡುವೆ ಎಂದು ಬೀಡಿ ಬುಟ್ಟೆ."

ಬೀಡಿಯಿಲ್ಲದ ಅಜ್ಜನನ್ನು ನಾನು ಕಂಡೇ ಇರಲಿಲ್ಲ. ಆದರೆ ಅದರ ವಾಸನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಕಟ್ಟಿದ ಮೂಗಿಗೆ ಬೀಡಿ ಹೊಗೆಯೂ ಒಂದೇ, ಬೇಯುವ ಅನ್ನವೂ ಒಂದೇ. ಹಾಗೆಂದು ಹೇಳಿದರೆ ಯಾಕೆ ಓಡುತ್ತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಗೋಡೆಯ ಕಡೆ ತಿರುಗಿಕೊಂಡೆ.

"ಇನ್ನೂ ನಾತ ಉಂಟಾ," ಎಂದು ಅಜ್ಜ ಮೆಲ್ಲಗೆ ಎದ್ದು, ಬಾಗಿಲ ಬಳಿಯ ಸ್ಟೂಲಿಗೆ ಹೋಗಿ ಕುಳಿತ.